ಹಿಂದಿನ ಆಕ್ಸಲ್ ಬದಲಿಸಬೇಕಾ? ಟೇಪು ಮೊದಲು, ದುಡ್ಡು ಆಮೇಲೆ

"ಇಂಜಿನ್ ಪವರ್ ಜಾಸ್ತಿ ಮಾಡಿಸಿದೆ, ಹಿಂದಿನ ಆಕ್ಸಲ್ ತಡೆಯುತ್ತಾ?" "ಆಕ್ಸಲ್ ಹೋಯ್ತು, ಕಡಿಮೆ ಖರ್ಚಲ್ಲಿ ಯಾವುದು ಕೂರುತ್ತೆ?" ಓದುಗರು ಈ ಎರಡು ಪ್ರಶ್ನೆಗಳನ್ನು ಎಷ್ಟು ಸಲ ಕೇಳಿದ್ದಾರೋ ಲೆಕ್ಕವಿಲ್ಲ. ಎಲ್ಲರಿಗೂ ಬೇಕಾದದ್ದು ಒಂದು ಹೆಸರು. ಹೆಸರು ಹೇಳಿಬಿಟ್ಟರೆ ಓಡಿಹೋಗಿ ಕೊಂಡು ತರುತ್ತಾರೆ. ತಂದಮೇಲೆ ಗೊತ್ತಾಗುತ್ತದೆ, ಅದು ಎರಡು ಇಂಚು ಅಗಲ ಜಾಸ್ತಿ, ರೇಶಿಯೋ (ಗೇರ್ ಹಲ್ಲುಗಳ ಅನುಪಾತ) ಬೇರೆ, ವೀಲ್ ಬೋಲ್ಟ್ ಕೂರಲ್ಲ ಅಂತ. ಅಲ್ಲಿಂದ ಶುರುವಾಗುವ ಖರ್ಚು ಆಕ್ಸಲ್‌ನ ಬೆಲೆಯನ್ನೇ ಮೀರುತ್ತದೆ.

ಹಾಗಾಗಿ ಈ ಲೇಖನದಲ್ಲಿ ಹೆಸರುಗಳು ನಾಲ್ಕನೇ ಹಂತದಲ್ಲಿ ಬರುತ್ತವೆ. ದಯವಿಟ್ಟು ನೇರವಾಗಿ ಅಲ್ಲಿಗೆ ಜಿಗಿಯಬೇಡಿ.

ಒಂದು ಮಾತು ಮೊದಲೇ. ಇದು ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ, ಗಟ್ಟಿ ಆಕ್ಸಲ್ ಇರುವ ಗಾಡಿಗಳಿಗೆ ಮಾತ್ರ. ಅಂದರೆ ಎರಡೂ ಚಕ್ರ ಒಂದೇ ಉದ್ದನೆಯ ಕವಚದ, ಅಂದರೆ ಹೌಸಿಂಗ್‌ನ ತುದಿಗಳಲ್ಲಿ ಇರಬೇಕು. ಎರಡೂ ಚಕ್ರ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುವ ಸಸ್ಪೆನ್ಷನ್ ಇದ್ದರೆ ಕಥೆಯೇ ಬೇರೆ.

ಮೊದಲು ಕೆಲವು ಪದ. ಹೌಸಿಂಗ್‌ನ ನಡುವಿನ ಗುಂಡನೆಯ ಹೊಟ್ಟೆಯೊಳಗೆ ದೊಡ್ಡ ಹಲ್ಲಿನ ಚಕ್ರ ಇರುತ್ತದೆ, ಅದು ಕ್ರೌನ್ ವೀಲ್. ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್. ಗೇರ್‌ಬಾಕ್ಸ್‌ನಿಂದ ಪಿನಿಯನ್‌ವರೆಗೆ ಬರುವ ಉದ್ದನೆಯ ಕೊಳವೆ ಪ್ರೊಪೆಲ್ಲರ್ ಶಾಫ್ಟ್. ಕ್ರೌನ್ ವೀಲ್ ಜೊತೆಗಿದ್ದು ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳ ಗುಂಪು ಡಿಫರೆನ್ಷಿಯಲ್. ಅಲ್ಲಿಂದ ಚಕ್ರಕ್ಕೆ ಹೋಗುವ ಸರಳು ಆಕ್ಸಲ್ ಶಾಫ್ಟ್. ಅದರ ಒಳತುದಿಯಲ್ಲಿ ಉದ್ದುದ್ದ ಗೀರಿನಂತಹ ಹಲ್ಲುಗಳಿರುತ್ತವೆ, ಅವೇ ಸ್ಪ್ಲೈನ್. ಇಷ್ಟು ಗೊತ್ತಿದ್ದರೆ ಮುಂದಿನದು ಸಲೀಸು.

1. ಎಷ್ಟು ಗಟ್ಟಿ ಬೇಕು?

ಎಲ್ಲರೂ ಹಾರ್ಸ್‌ಪವರ್ ಹೇಳಿ "ಇದಕ್ಕೆ ಯಾವುದು?" ಅಂತಾರೆ. ಆದರೆ ಆಕ್ಸಲ್ ಮುರಿಯುವುದು ಹಾರ್ಸ್‌ಪವರ್‌ನಿಂದ ಅಲ್ಲ, ಟೈರಿನ ಹಿಡಿತದಿಂದ. ಲೆಕ್ಕ ಹಾಕಿ ನೋಡೋಣ.

ಇಂಜಿನ್ ಟಾರ್ಕ್ 400 ನ್ಯೂಟನ್ ಮೀಟರ್, ಮೊದಲ ಗೇರ್ 3.35, ಹಿಂದಿನ ರೇಶಿಯೋ 3.73 ಅಂತಿಟ್ಟುಕೊಳ್ಳಿ. ಮೂರನ್ನೂ ಗುಣಿಸಿದರೆ ಆಕ್ಸಲ್‌ಗೆ ತಲುಪುವುದು ಹತ್ತಿರ ಹತ್ತಿರ 5000 ನ್ಯೂಟನ್ ಮೀಟರ್. ಈಗ ಹಿಂದಿನ ಚಕ್ರಗಳ ಮೇಲೆ 800 ಕೆಜಿ ಭಾರ, ಟೈರಿನ ಅರ್ಧ ಎತ್ತರ 33 ಸೆಂ.ಮೀ., ಸಾಮಾನ್ಯ ರಸ್ತೆ ಟೈರು. ಅದು ನೆಲ ಹಿಡಿದು ನಿಲ್ಲಬಲ್ಲದ್ದು ಸುಮಾರು 2600. ಉಳಿದದ್ದೆಲ್ಲ ಹೊಗೆ. ಟೈರು ಜಾರುತ್ತದೆ, ಆಕ್ಸಲ್ ಬಚಾವಾಗುತ್ತದೆ. ಒಂದು ರೀತಿ ಟೈರೇ ಫ್ಯೂಸ್.

ಅದೇ ಗಾಡಿಗೆ ಡ್ರ್ಯಾಗ್ ರೇಸಿನ (ನಿಂತಲ್ಲಿಂದ ನೇರ ಓಟದ ಪಂದ್ಯ) ಅಂಟು ಟೈರು ಹಾಕಿ. ಹೊರಡುವಾಗ ಭಾರ ಹಿಂದಕ್ಕೆ ವಾಲುತ್ತದೆ, ಹಿಡಿತವೂ ಜಾಸ್ತಿ. ಹಿಂದೆ 1000 ಕೆಜಿ ಬಿದ್ದರೆ, ಹಿಡಿತ ಒಂದೂವರೆ ಪಟ್ಟಿಗೆ ಹತ್ತಿರವಾದರೆ ಆಕ್ಸಲ್ ನಿಜವಾಗಿ ಹೊರುವ ಹೊರೆ 4500 ದಾಟುತ್ತದೆ. ಇಂಜಿನ್ ಬದಲಾಗಿಲ್ಲ, ಆದರೂ ಆಕ್ಸಲ್‌ಗೆ ಕಷ್ಟ ಹತ್ತಿರ ಹತ್ತಿರ ಎರಡರಷ್ಟಾಯಿತು ನೋಡಿ. ಮ್ಯಾನುವಲ್ ಗೇರ್ ಇದ್ದು, ಇಂಜಿನ್ ಏರಿಸಿ ಕ್ಲಚ್ ಟಪಕ್ಕನೆ ಬಿಡುವ ಅಭ್ಯಾಸ ಇದ್ದರೆ ಏಟು ಇನ್ನೂ ಜೋರು.

ಹಾಗಾಗಿ ನಿಮಗೇ ಮೂರು ಪ್ರಶ್ನೆ ಕೇಳಿಕೊಳ್ಳಿ. ಯಾವ ಟೈರು? ಗಾಡಿ ಎಷ್ಟು ಭಾರ? ಕ್ಲಚ್ಚಾ, ಆಟೊಮ್ಯಾಟಿಕ್ಕಾ? ರಸ್ತೆ ಟೈರಿನಲ್ಲೇ ಓಡಿಸುವವರು ಭಾರಿ ಆಕ್ಸಲ್ ಹುಡುಕುವುದು ಸುಮ್ನೆ ದುಡ್ಡು ದಂಡ. ಆ ತೂಕ ಸ್ಪ್ರಿಂಗ್‌ನ ಕೆಳಗಿನ ತೂಕ, ಸವಾರಿ ಒರಟಾಗುತ್ತದೆ ಅನ್ನುವುದೂ ನೆನಪಿರಲಿ.

ಶಾಫ್ಟ್ ದಪ್ಪದ ವಿಷಯ. 28 ಸ್ಪ್ಲೈನ್ ಶಾಫ್ಟ್ ಸುಮಾರು 1.2 ಇಂಚು, 31 ಸ್ಪ್ಲೈನ್ ಸುಮಾರು 1.32 ಇಂಚು, 35 ಸ್ಪ್ಲೈನ್ 1.5 ಇಂಚು. ವ್ಯತ್ಯಾಸ ಕಣ್ಣಿಗೆ ಕಾಣಲ್ಲ. ಆದರೆ ತಿರುಚು ತಡೆಯುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. 28ರಿಂದ 31ಕ್ಕೆ ಹೋದರೆ ಮೂರನೇ ಒಂದು ಪಾಲಿನಷ್ಟು ಬಲ ಜಾಸ್ತಿ ಸಿಕ್ಕಂತೆ. ಅದಕ್ಕೇ ಎಲ್ಲರೂ 31 ಸ್ಪ್ಲೈನ್ ಅಂತ ಬಡಿದಾಡುವುದು.

2. ಅಳತೆ ತೆಗೆಯಿರಿ

ಹಳೆಯ ಆಕ್ಸಲ್ ಗಾಡಿಯಲ್ಲೇ ಇರುವಾಗ ಅಳೆಯಿರಿ. ಬಿಚ್ಚಿ ಮೂಲೆಗೆ ಹಾಕಿದ ಮೇಲೆ ಅರ್ಧ ಅಳತೆ ಸಿಗುವುದಿಲ್ಲ. ಗಾಡಿಯನ್ನು ಜ್ಯಾಕ್ ಮೇಲೆ ನಂಬಿ ಕೆಳಗೆ ತೂರಬೇಡಿ, ಸ್ಟ್ಯಾಂಡ್ ಕೊಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಅಗಲ. ಅಳೆಯಬೇಕಾದದ್ದು ಚಕ್ರ ಬಂದು ಕೂರುವ ಮುಖದಿಂದ ಆ ಕಡೆ ಚಕ್ರ ಕೂರುವ ಮುಖಕ್ಕೆ. ಟೈರಿನಿಂದ ಟೈರಿಗೆ ಅಲ್ಲ, ಬ್ರೇಕ್ ಪ್ಲೇಟಿನಿಂದ ಪ್ಲೇಟಿಗೂ ಅಲ್ಲ. ಈ ತಪ್ಪು ನಾನೂ ಮಾಡಿದ್ದೇನೆ. ಟೈರಿಂದ ಟೈರಿಗೆ ಅಳೆದು ತಂದ ಆಕ್ಸಲ್ ಹಾಕಿದಾಗ ಚಕ್ರ ಮಡ್ಗಾರ್ಡ್‌ನಿಂದ ಎರಡು ಬೆರಳು ಹೊರಗೆ ಇಣುಕುತ್ತಿತ್ತು. ಹೊಸ ಆಕ್ಸಲ್ ಒಂದಿಷ್ಟು ಕಿರಿದಾಗಿದ್ದರೆ ಚಿಂತೆ ಕಡಿಮೆ, ಚಕ್ರವನ್ನು ಹೊರಗೆ ತರುವಂತಹ ಬೇರೆ ಆಫ್‌ಸೆಟ್ ಇರುವ ರಿಮ್ಮಿನಿಂದ ಸರಿಮಾಡಬಹುದು. ಅಗಲವಾಗಿದ್ದರೆ ದಾರಿ ಕಡಿಮೆ.

ಇವನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ:

- ಪಟ್ಟಾ ಸ್ಪ್ರಿಂಗ್ ಕೂರುವ ಪೀಠಗಳ ನಡುವಿನ ದೂರ, ನಡುವಿನಿಂದ ನಡುವಿಗೆ. ಕಾಯಿಲ್ ಸ್ಪ್ರಿಂಗ್ ಇದ್ದರೆ ಲಿಂಕ್ ಬ್ರಾಕೆಟ್‌ಗಳು ಎಲ್ಲೆಲ್ಲಿ ಅಂತ ಫೋಟೊ ಸಮೇತ.
- ಪಿನಿಯನ್ ನಡುವಿನಲ್ಲಿದೆಯಾ, ಪಕ್ಕಕ್ಕೆ ಸರಿದಿದೆಯಾ, ಎಷ್ಟು.
- ವೀಲ್ ಬೋಲ್ಟ್ ವರಸೆ. 5 ಬೋಲ್ಟ್ ಅಂದರೆ ಎಲ್ಲ ಒಂದೇ ಅಲ್ಲ. ಫೋರ್ಡ್‌ನಲ್ಲಿ ಸಾಮಾನ್ಯವಾಗಿ ಸಿಗುವುದು 114.3 ಮಿ.ಮೀ. ವೃತ್ತ, ಹಳೆಯ ಷೆವರ್ಲೆ ಕಾರುಗಳಲ್ಲಿ 120.65. ಕಣ್ಣಳತೆಯಲ್ಲಿ ಒಂದೇ ಥರ ಕಾಣುತ್ತದೆ, ಬಲವಂತ ಮಾಡಿ ಕೂರಿಸಬೇಡಿ.
- ಪ್ರೊಪೆಲ್ಲರ್ ಶಾಫ್ಟ್‌ನ ಉದ್ದ, ಅದರ ತುದಿಯ ಕೀಲಿನಲ್ಲಿರುವ + ಆಕಾರದ ಕ್ರಾಸ್‌ನ ಅಳತೆ, ಪಿನಿಯನ್ ಕಡೆ ಜೋಡಣೆ ಹೇಗಿದೆ ಅನ್ನುವುದು. ಕೆಲವದರಲ್ಲಿ ಗುಂಡನೆಯ ತಟ್ಟೆಯಂತಹ ಫ್ಲ್ಯಾಂಜ್‌ಗೆ ನಾಲ್ಕು ಬೋಲ್ಟ್, ಕೆಲವದರಲ್ಲಿ ಕ್ರಾಸ್ ನೇರವಾಗಿ ಕವಲಿನಂತಹ ಯೋಕ್‌ನಲ್ಲಿ ಕೂತಿರುತ್ತದೆ.

ಎಬಿಎಸ್ ಇದ್ದರೆ ಅದರ ಸೆನ್ಸರ್ ಎಲ್ಲಿದೆ, ಹಲ್ಲಿನ ರಿಂಗ್‌ನಲ್ಲಿ ಎಷ್ಟು ಹಲ್ಲು ಅಂತಲೂ ಎಣಿಸಿ. ಇದನ್ನು ಮರೆತವರು ಆಮೇಲೆ ಮೀಟರ್‌ನಲ್ಲಿ ಉರಿಯುವ ಹಳದಿ ದೀಪ ನೋಡಿಕೊಂಡೇ ಓಡಿಸುತ್ತಿರುತ್ತಾರೆ.

3. ರೇಶಿಯೋ ಗಟ್ಟಿ ಮಾಡಿಕೊಳ್ಳಿ

ಕ್ರೌನ್ ವೀಲ್‌ನ ಹಲ್ಲನ್ನು ಪಿನಿಯನ್‌ನ ಹಲ್ಲಿನಿಂದ ಭಾಗಿಸಿದರೆ ಬರುವುದೇ ರೇಶಿಯೋ. 41ಕ್ಕೆ 11 ಅಂದರೆ 3.73. 41ಕ್ಕೆ 10 ಅಂದರೆ 4.10. 40ಕ್ಕೆ 13 ಅಂದರೆ 3.08. ಸಂಖ್ಯೆ ದೊಡ್ಡದಾದಷ್ಟೂ ಗಾಡಿ ಚುರುಕಾಗಿ ಎದ್ದು ಹೋಗುತ್ತದೆ, ಹೈವೇಯಲ್ಲಿ ಇಂಜಿನ್ ಜಾಸ್ತಿ ಕೂಗುತ್ತದೆ.

ಎಷ್ಟು ಕೂಗುತ್ತದೆ ಅಂತ ಮೊದಲೇ ತಿಳಿಯಬಹುದು. 26 ಇಂಚು ಎತ್ತರದ ಟೈರು ಗಂಟೆಗೆ 100 ಕಿ.ಮೀ. ವೇಗದಲ್ಲಿ ನಿಮಿಷಕ್ಕೆ ಸುಮಾರು 805 ಸುತ್ತು ತಿರುಗುತ್ತದೆ. ಟಾಪ್ ಗೇರ್ 1ಕ್ಕೆ 1 ಇದ್ದರೆ 3.08ರಲ್ಲಿ ಇಂಜಿನ್ ಸುಮಾರು 2480, 3.73ರಲ್ಲಿ 3000, 4.10ರಲ್ಲಿ 3300 ಸುತ್ತು. 0.70ರ ಓವರ್‌ಡ್ರೈವ್ (1ಕ್ಕಿಂತ ಚಿಕ್ಕ ರೇಶಿಯೋ ಇರುವ ಟಾಪ್ ಗೇರ್) ಇದ್ದರೆ ಇವನ್ನೇ 0.70ರಿಂದ ಗುಣಿಸಿ, 3.73ಕ್ಕೆ ಬರುವುದು 2100. ಓವರ್‌ಡ್ರೈವ್ ಇರುವ ರಸ್ತೆ ಗಾಡಿಗೆ 3.55 ಅಥವಾ 3.73 ಸಾಕು ಅನ್ನುವುದು ನನ್ನ ಅಭಿಪ್ರಾಯ. ಓವರ್‌ಡ್ರೈವ್ ಇಲ್ಲದೆ 4.10 ಹಾಕಿದವರು ಊರು ಬಿಟ್ಟು ಹೊರಗೆ ಹೋಗುವುದನ್ನೇ ಕಡಿಮೆ ಮಾಡುತ್ತಾರೆ, ನಿಜವಾಗಿ.

ಇಲ್ಲಿ ದೊಡ್ಡ ಎಚ್ಚರಿಕೆ. "ಆಕ್ಸಲ್ ಕಡಿಮೆಗೆ ಸಿಕ್ತು, ರೇಶಿಯೋ ಆಮೇಲೆ ಬದಲಿಸಿದರಾಯ್ತು" ಅನ್ನಬೇಡಿ. ಕ್ರೌನ್ ವೀಲ್ ಮತ್ತು ಪಿನಿಯನ್ ಜೋಡಿಯಾಗಿಯೇ ಬರುತ್ತವೆ. ಜೊತೆಗೆ ಬೇರಿಂಗ್, ಸೀಲ್, ಶಿಮ್ (ಅಂತರ ಸರಿಹೊಂದಿಸುವ ತೆಳು ಬಿಲ್ಲೆ), ಡಯಲ್ ಗೇಜ್ (ಕೂದಲೆಳೆ ಅಂತರ ಅಳೆಯುವ ಸಾಧನ) ಹಿಡಿದು ಕೂರಿಸಲು ಬರುವ ಕೈ. ಕೆಲವು ಆಕ್ಸಲ್‌ಗಳಲ್ಲಿ ಒಂದು ಮಿತಿ ದಾಟಿದ ರೇಶಿಯೋಗೆ ಡಿಫರೆನ್ಷಿಯಲ್‌ನ ಗೂಡನ್ನೇ ಬದಲಿಸಬೇಕು. ಅಷ್ಟರಲ್ಲಿ ಸರಿಯಾದ ರೇಶಿಯೋ ಇರುವ ಇನ್ನೊಂದು ಆಕ್ಸಲ್ಲೇ ಬಂದಿರುತ್ತಿತ್ತು.

4. ಈಗ ಹೆಸರುಗಳು

ಕಾರು ಮಾರ್ಪಡಿಸುವವರ ಬಾಯಲ್ಲಿ ಓಡಾಡುವ ಹೆಸರುಗಳು ಹೆಚ್ಚಾಗಿ ಅಮೆರಿಕದ ಗಾಡಿಗಳವು. 8.8, 9 ಅನ್ನುವಂತಹ ಸಂಖ್ಯೆ ಅಂದರೆ ಇಂಚಿನಲ್ಲಿ ಕ್ರೌನ್ ವೀಲ್‌ನ ವ್ಯಾಸ.

*ಫೋರ್ಡ್ 8.8.* ಕಡಿಮೆ ಖರ್ಚು ಅಂದ ತಕ್ಷಣ ನಾನು ಮೊದಲು ನೋಡುವುದು ಇದನ್ನೇ, ಅದರಲ್ಲೂ ಫೋರ್ಡ್ ಎಕ್ಸ್‌ಪ್ಲೋರರ್‌ನಿಂದ ತೆಗೆದದ್ದು. 2001ರವರೆಗಿನ ಎಕ್ಸ್‌ಪ್ಲೋರರ್‌ಗಳಲ್ಲಿ ಗಟ್ಟಿ ಆಕ್ಸಲ್ ಇತ್ತು, 2002ರಿಂದ ನಾಲ್ಕು ಬಾಗಿಲಿನದರಲ್ಲಿ ಇಲ್ಲ. 31 ಸ್ಪ್ಲೈನ್ ಶಾಫ್ಟ್, 5 ಬೋಲ್ಟ್, ಮತ್ತೆ 1995ರಿಂದ ಡಿಸ್ಕ್ ಬ್ರೇಕ್. ಒಂದೇ ತುಂಡಿನಲ್ಲಿ ಇಷ್ಟೆಲ್ಲ ಬರುತ್ತದೆ. ಅದೇ ಫೋರ್ಡ್ 8.8 ಹಳೆಯ ಫಾಕ್ಸ್ ಚಾಸಿಯ ಮಸ್ಟ್ಯಾಂಗ್‌ನಲ್ಲಿ 28 ಸ್ಪ್ಲೈನ್, 4 ಬೋಲ್ಟ್, ಡ್ರಮ್ ಬ್ರೇಕ್. "8.8 ಇದೆ" ಅಂತ ಯಾರಾದರೂ ಹೇಳಿದರೆ ಯಾವ ಗಾಡಿಯದು ಅಂತ ಕೇಳದೆ ಮುಂಗಡ ಕೊಡಬೇಡಿ.

ಎಕ್ಸ್‌ಪ್ಲೋರರ್ ಆಕ್ಸಲ್‌ಗೂ ಕೊರತೆಗಳಿವೆ. ಪಿನಿಯನ್ ಸುಮಾರು 2 ಇಂಚು ಬಲಕ್ಕೆ ಸರಿದಿದೆ. ಕೆಲವರು ಎಡಗಡೆಯ ಉದ್ದನೆಯ ಕೊಳವೆಯನ್ನು ಸುಮಾರು 3 ಇಂಚು ಕತ್ತರಿಸಿ, ಬಲಗಡೆಯ ಗಿಡ್ಡ ಶಾಫ್ಟ್ ಇನ್ನೊಂದನ್ನು ತಂದು ಎಡಕ್ಕೆ ಹಾಕಿ ನಡುವಿಗೆ ತರುತ್ತಾರೆ. ಹೊಸ ಶಾಫ್ಟ್ ಮಾಡಿಸುವ ಖರ್ಚಿಲ್ಲ, ಅಗಲವೂ ಕಡಿಮೆಯಾಗುತ್ತದೆ. ಇದು ಜಾಣ ಉಪಾಯ, ಆದರೆ ಕತ್ತರಿಸಿ ನೇರವಾಗಿ ಜೋಡಿಸಲು ಜಿಗ್ (ಅಲುಗದಂತೆ ಹಿಡಿಯುವ ಚೌಕಟ್ಟು) ಇರುವ ವರ್ಕ್‌ಶಾಪ್ ಬೇಕು. ಇನ್ನೊಂದು, ಕೊಳವೆಗಳನ್ನು ಎರಕದ ಹೊಟ್ಟೆಗೆ ಒತ್ತಿ ಕೂರಿಸಿ ಅಲ್ಲಲ್ಲಿ ಮಾತ್ರ ವೆಲ್ಡ್ ಮಾಡಿರುತ್ತಾರೆ. ಜೋರು ಹೊರೆ ಬಿದ್ದಾಗ ಕೊಳವೆ ಒಳಗೇ ತಿರುಗಬಹುದು. ಅಂಟು ಟೈರು ಹಾಕುವವರು ಸುತ್ತಲೂ ವೆಲ್ಡ್ ಮಾಡಿಸಲೇಬೇಕು. ಎರಕದ ಕಬ್ಬಿಣವಾದ್ದರಿಂದ ಮೊದಲು ಕಾಯಿಸಿ, ತಕ್ಕ ರಾಡ್ ಬಳಸುವವರ ಕೈಗೇ ಕೊಡಿ.

*ಫೋರ್ಡ್ 9.* 1957ರಿಂದ 1986ರವರೆಗೆ ತಯಾರಾಯಿತು. ಗೇರ್‌ಗಳ ಗುಂಪು ಪೂರ್ತಿ ಮುಂದಿನಿಂದ ಕಳಚಿ ಬರುತ್ತದೆ. ಪಿನಿಯನ್‌ನ ತುದಿಗೂ ಒಂದು ಬೇರಿಂಗ್ ಇದೆ, ಅದಕ್ಕೇ ಅಷ್ಟು ಗಟ್ಟಿ. ಪಿನಿಯನ್ ತೀರಾ ಕೆಳಗೆ ಕೂತಿರುವುದರಿಂದ ಹಲ್ಲುಗಳ ಉಜ್ಜಾಟ ಜಾಸ್ತಿ, ಸ್ವಲ್ಪ ಶಕ್ತಿ ಅಲ್ಲೇ ತಿನ್ನುತ್ತದೆ. ಹೆಸರು ದೊಡ್ಡದಾದ್ದರಿಂದ ಅಗ್ಗಕ್ಕೆ ಸಿಗುವುದು ಅಪರೂಪ.

*ಜನರಲ್ ಮೋಟಾರ್ಸ್ 10 ಬೋಲ್ಟ್.* ಇಲ್ಲೇ ಜನ ಮೋಸ ಹೋಗುವುದು. ಹಿಂದಿನ ಮುಚ್ಚಳಕ್ಕೆ 10 ಬೋಲ್ಟ್ ಇರುವುದು 7.5ಕ್ಕೂ ಇದೆ, 8.5ಕ್ಕೂ ಇದೆ. 7.5 ಸಣ್ಣದು, ವಿ8 ಇಂಜಿನ್ ಜೊತೆ ಒಳ್ಳೆ ಟೈರು ಹಾಕಿದರೆ ತಡೆಯಲ್ಲ. 8.5 ಒಳ್ಳೆಯ ಮಾಲು. ಬೋಲ್ಟ್ ಎಣಿಸಿ ಕೊಳ್ಳಬೇಡಿ, ಮುಚ್ಚಳ ತೆಗೆಸಿ ಕ್ರೌನ್ ವೀಲ್ ಅಳೆಯಿರಿ. 12 ಬೋಲ್ಟಿನದು ಇನ್ನೂ ಗಟ್ಟಿ, ಆದರೆ ಕಾರಿನ 12 ಬೋಲ್ಟ್ ಬೇರೆ, ಟ್ರಕ್ಕಿನದು ಬೇರೆ.

*ಡಾನಾ 60.* 9.75 ಇಂಚಿನ ಕ್ರೌನ್ ವೀಲ್. ಮುರಿಯಲ್ಲ, ಆದರೆ ತೂಕ ವಿಪರೀತ. ಭಾರದ ಗಾಡಿ, ಕ್ಲಚ್, ಅಂಟು ಟೈರು ಮೂರೂ ಸೇರಿದ್ದರೆ ಮಾತ್ರ ಯೋಚಿಸಿ.

ಇವೆಲ್ಲಕ್ಕೂ ಮೊದಲು ಒಂದು ಕೆಲಸ ಮಾಡಿ. ನಿಮ್ಮದೇ ಮಾಡೆಲ್‌ನ ದೊಡ್ಡ ಇಂಜಿನ್ ಗಾಡಿಗೆ, ಅಥವಾ ಅದೇ ಕಂಪನಿಯ ವ್ಯಾನ್‌ಗೆ ಯಾವ ಆಕ್ಸಲ್ ಬರುತ್ತಿತ್ತು ಅಂತ ಹುಡುಕಿ. ಬ್ರಾಕೆಟ್ ಸಮೇತ ಕೂರುವ ಆಕ್ಸಲ್ ಸಿಕ್ಕರೆ ಅದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ಸಿ-ಕ್ಲಿಪ್ ಬಗ್ಗೆ ತಿಳಿದಿರಲಿ. ಫೋರ್ಡ್ 8.8ರಲ್ಲಿ, ಇನ್ನೂ ಹಲವು ಆಕ್ಸಲ್‌ಗಳಲ್ಲಿ ಶಾಫ್ಟನ್ನು ಒಳತುದಿಯ ಒಂದು ಸಣ್ಣ ಸಿ ಆಕಾರದ ಕ್ಲಿಪ್ ಹಿಡಿದಿರುತ್ತದೆ. ಶಾಫ್ಟ್ ಮುರಿದರೆ ಚಕ್ರ ಶಾಫ್ಟ್ ಸಮೇತ ಹೊರಗೆ ಬರಬಹುದು. ಫೋರ್ಡ್ 9ರಲ್ಲಿ ಹೊರತುದಿಯಲ್ಲಿ ಪ್ಲೇಟ್ ಹಿಡಿದಿರುವುದರಿಂದ ಆ ಭಯ ಕಡಿಮೆ. ರಸ್ತೆಗೆ ಸಿ-ಕ್ಲಿಪ್ ಸಾಕು. ಡ್ರ್ಯಾಗ್ ಸ್ಟ್ರಿಪ್‌ಗೆ ಹೋಗುವವರು ಅಲ್ಲಿನ ನಿಯಮ ಓದಿಕೊಳ್ಳಿ, ವೇಗದ ಗಾಡಿಗಳಿಗೆ ಬೇರೆ ಹಿಡಿಕೆ ಕಡ್ಡಾಯ.

5. ಗುಜರಿಯಲ್ಲಿ ನಿಂತು ನೋಡುವುದು

ಮೊದಲು ಚೀಟಿ ಹುಡುಕಿ. ಫೋರ್ಡ್ ಆಕ್ಸಲ್‌ನ ಮುಚ್ಚಳದ ಒಂದು ಬೋಲ್ಟ್‌ಗೆ ತಗಡಿನ ಸಣ್ಣ ಚೀಟಿ ಸಿಕ್ಕಿಸಿರುತ್ತಾರೆ. ಅದರಲ್ಲಿ 3 ಮತ್ತು 73ರ ನಡುವೆ ಎಲ್ ಅಕ್ಷರ ಇದ್ದರೆ 3.73, ಲಿಮಿಟೆಡ್ ಸ್ಲಿಪ್. ಎಲ್ ಇಲ್ಲದಿದ್ದರೆ ಸಾದಾ. ಲಿಮಿಟೆಡ್ ಸ್ಲಿಪ್ ಅಂದರೆ ಒಂದು ಚಕ್ರ ಜಾರಿದಾಗ ಇನ್ನೊಂದಕ್ಕೂ ಶಕ್ತಿ ಕಳಿಸುವ ಡಿಫರೆನ್ಷಿಯಲ್.

ಚೀಟಿ ಉದುರಿದ್ದರೆ ಕೈಯಿಂದ ತಿರುಗಿಸಿ ನೋಡಿ. ಎರಡೂ ತುದಿ ಎತ್ತಿಟ್ಟು ಒಂದು ಕಡೆ ತಿರುಗಿಸಿ. ಇನ್ನೊಂದು ಕಡೆ ಉಲ್ಟಾ ತಿರುಗಿದರೆ ಸಾದಾ, ಜೊತೆಗೇ ತಿರುಗಿದರೆ ಲಿಮಿಟೆಡ್ ಸ್ಲಿಪ್. ಸಾದಾ ಇದ್ದರೆ ಒಂದು ತುದಿ ಅಲುಗದಂತೆ ಹಿಡಿದು ಇನ್ನೊಂದನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಪಿನಿಯನ್ ಎಷ್ಟು ಸುತ್ತು ಬಂತೋ ಅದೇ ರೇಶಿಯೋ. ಲಿಮಿಟೆಡ್ ಸ್ಲಿಪ್‌ಗೆ ಎರಡೂ ಕಡೆ ಒಟ್ಟಿಗೆ ಒಂದು ಸುತ್ತು ಸಾಕು. 3.55ಕ್ಕೂ 3.73ಕ್ಕೂ ವ್ಯತ್ಯಾಸ ಸಣ್ಣದು, ಹತ್ತು ಪಟ್ಟು ತಿರುಗಿಸಿ ಎಣಿಸಿ, ಹತ್ತರಿಂದ ಭಾಗಿಸಿದರೆ ಸಂಶಯ ಇರಲ್ಲ.

ಆಮೇಲೆ ಮುಚ್ಚಳ ತೆಗೆಸಿ. ಬೇಡ ಅಂದರೆ ವ್ಯಾಪಾರ ಬೇಡ. ಎಣ್ಣೆಯಲ್ಲಿ ಎರಡು ಬೆರಳು ಅದ್ದಿ ಉಜ್ಜಿ ನೋಡಿ. ಕಾಡಿಗೆಯಂತೆ ನುಣ್ಣಗಿನ ಬೂದು ಪೇಸ್ಟ್ ಮ್ಯಾಗ್ನೆಟ್‌ಗೆ ಅಂಟಿದ್ದರೆ ಪರವಾಗಿಲ್ಲ, ಓಡಿದ ಆಕ್ಸಲ್‌ನಲ್ಲಿ ಅದು ಇರುವುದೇ. ಬೆರಳಿಗೆ ಚುರುಚುರು ಸಿಗುವ ಚೂರು, ಸೂಜಿಯಂತಹ ತುಣುಕು ಇದ್ದರೆ ಕೈ ಒರೆಸಿಕೊಂಡು ಹೊರಡಿ. ಎಣ್ಣೆ ಹಾಲು ಬೆರೆಸಿದ ಹಾಗಿದ್ದರೆ ನೀರು ಹೊಕ್ಕಿದೆ. ಹಲ್ಲುಗಳ ಮೇಲೆ ನೀಲಿ ಬಣ್ಣ ಕಂಡರೆ ಎಣ್ಣೆ ಇಲ್ಲದೆ ಕಾದಿದೆ. ಟಾರ್ಚ್ ಹಿಡಿದು ಒಂದೊಂದೇ ಹಲ್ಲು ತಿರುಗಿಸಿ ನೋಡಿ. ಹೊಳಪು ಸಹಜ, ಗುಳಿ ಮತ್ತು ಮುಕ್ಕಾದ ಅಂಚು ಅಲ್ಲ.

ಪಿನಿಯನ್ ಫ್ಲ್ಯಾಂಜ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸ್ವಲ್ಪ ತಿರುಗುವ ಸಡಿಲ ಇರಬೇಕು, ಮೇಲೆ ಕೆಳಗಿನ ಸಡಿಲ ಒಂದಿಷ್ಟೂ ಇರಬಾರದು.

ಎಲ್ಲರೂ ಬಿಡುವ ಜಾಗ ಇನ್ನೊಂದಿದೆ. ಸಿ-ಕ್ಲಿಪ್ ಆಕ್ಸಲ್‌ಗಳಲ್ಲಿ ಹೊರತುದಿಯ ಬೇರಿಂಗ್‌ನ ರೋಲರ್‌ಗಳು ನೇರವಾಗಿ ಶಾಫ್ಟ್ ಮೇಲೇ ಉರುಳುತ್ತವೆ. ಶಾಫ್ಟ್ ಎಳೆಸಿ, ಬಟ್ಟೆಯಲ್ಲಿ ಒರೆಸಿ, ಆ ಜಾಗದ ಮೇಲೆ ಉಗುರು ಎಳೆಯಿರಿ. ಗಾಜಿನ ಮೇಲೆ ಹೋದಂತೆ ಉಗುರು ಜಾರಬೇಕು. ಟಕ್ ಅಂತ ಒಂದು ಮೆಟ್ಟಿಲಿಗೆ ಸಿಕ್ಕಿದರೆ ಶಾಫ್ಟ್ ಸವೆದಿದೆ. ಹೊಸ ಬೇರಿಂಗ್ ಹಾಕಿದರೂ ಅದು ಉಳಿಯಲ್ಲ. ಆ ಶಾಫ್ಟ್‌ನ ಬೆಲೆ ಚೌಕಾಸಿಯಲ್ಲಿ ಕಳೆಯಿರಿ.

ಕೊನೆಗೆ ಹೌಸಿಂಗ್ ನೆಟ್ಟಗಿದೆಯಾ ನೋಡಿ. ಅಪಘಾತದ ಗಾಡಿಯಿಂದ ತೆಗೆದ ಆಕ್ಸಲ್‌ನ ಫ್ಲ್ಯಾಂಜ್ ತಿರುಗಿಸುವಾಗ ಅಂಚು ಓಲಾಡಿದರೆ ಶಾಫ್ಟೋ ಕೊಳವೆಯೋ ಬಾಗಿದೆ.

6. ಒಟ್ಟು ಖರ್ಚಿನ ಲೆಕ್ಕ ಬರೆಯಿರಿ

ಆಕ್ಸಲ್, ಸೀಲ್‌ಗಳು, ಬೇರಿಂಗ್, ಎಣ್ಣೆ, ಪ್ರೊಪೆಲ್ಲರ್ ಶಾಫ್ಟ್ ಉದ್ದ ಸರಿಮಾಡಿ ಬ್ಯಾಲೆನ್ಸ್ ಮಾಡಿಸುವುದು, ಎರಡು ಅಳತೆ ಬೆರೆಸುವ ಕ್ರಾಸ್, ಬ್ರಾಕೆಟ್ ವೆಲ್ಡಿಂಗ್, ಬ್ರೇಕ್ ಪೈಪ್, ಹ್ಯಾಂಡ್ ಬ್ರೇಕ್ ಕೇಬಲ್, ಬೇಕಾದರೆ ರಿಮ್ಮು. ಎದುರಿಗೆ ಎರಡು ಮೂರು ಆಕ್ಸಲ್‌ಗಳನ್ನು ಬರೆದು ಒಂದೊಂದಕ್ಕೂ ಕೂಡಿ. ಗುಜರಿಯಲ್ಲಿ ಅತಿ ಅಗ್ಗವಾಗಿ ಕಂಡದ್ದು ಎಷ್ಟೋ ಸಲ ಈ ಹಾಳೆಯಲ್ಲಿ ಕೊನೆಗೆ ನಿಲ್ಲುತ್ತದೆ.

7. ಕೂರಿಸುವಾಗ

ಪಟ್ಟಾ ಪೀಠಗಳನ್ನು ಮೊದಲೇ ಪೂರ್ತಿ ವೆಲ್ಡ್ ಮಾಡಿಸಬೇಡಿ. ಬರೀ ಚುಕ್ಕೆ ವೆಲ್ಡ್ ಹಾಕಿ, ಆಕ್ಸಲ್ ಕೂರಿಸಿ, ಗಾಡಿಯ ಪೂರ್ತಿ ಭಾರ ಚಕ್ರದ ಮೇಲೆ ಬಿಡಿ. ಆಗ ಪಿನಿಯನ್ ಕೋನ ಅಳೆಯಿರಿ. ಗೇರ್‌ಬಾಕ್ಸ್‌ನ ಗೆರೆಗೆ ಪಿನಿಯನ್‌ನ ಗೆರೆ ಸಮಾನಾಂತರ ಇರಬೇಕು. ಪಟ್ಟಾ ಇರುವ ಗಾಡಿಯಲ್ಲಿ ಎಕ್ಸಲರೇಟರ್ ಒತ್ತಿದಾಗ ಪಿನಿಯನ್‌ನ ಮೂಗು ಮೇಲೇಳುತ್ತದೆ, ಹಾಗಾಗಿ 2ರಿಂದ 3 ಡಿಗ್ರಿ ಕೆಳಮುಖ ಇಟ್ಟು ಹೊರಡಿ. ಇದು ತಪ್ಪಿದರೆ ಒಂದು ವೇಗದಲ್ಲಿ ಗಾಡಿ ಗುಂಯ್ ಅಂತ ನಡುಗುತ್ತದೆ, ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಹೋಗಲ್ಲ.

ಪೂರ್ತಿ ವೆಲ್ಡ್ ಮಾಡುವಾಗ ಶಾಫ್ಟ್, ಸೀಲ್ ತೆಗೆದಿಡಿ. ಒಂದೊಂದು ಇಂಚು ಹಾಕಿ ಬೇರೆ ಕಡೆ ಹೋಗಿ, ಇಲ್ಲವಾದರೆ ಕೊಳವೆ ಬಾಗುತ್ತದೆ. ಅರ್ತ್ ಕ್ಲಾಂಪನ್ನು ವೆಲ್ಡ್ ಜಾಗದ ಪಕ್ಕದಲ್ಲೇ ಕಚ್ಚಿಸಿ. ಕರೆಂಟ್ ಬೇರಿಂಗ್ ಮೂಲಕ ಹಾದರೆ ಅದರ ಮೈ ಸುಡುತ್ತದೆ.

ಪಿನಿಯನ್ ಸೀಲ್ ಬದಲಿಸುವವರಿಗೆ: ನಟ್, ಫ್ಲ್ಯಾಂಜ್, ಶಾಫ್ಟ್ ಮೂರಕ್ಕೂ ಸೇರಿಸಿ ಒಂದು ಗೆರೆ ಎಳೆದುಕೊಂಡು ಬಿಚ್ಚಿ, ಎಷ್ಟು ಸುತ್ತು ಬಿಚ್ಚಿದಿರಿ ಅಂತ ಎಣಿಸಿ, ಅದೇ ಗೆರೆಗೆ ವಾಪಸ್ ತನ್ನಿ. ಹಲವು ಆಕ್ಸಲ್‌ಗಳಲ್ಲಿ ಒಳಗೆ ಒತ್ತಿದರೆ ಕುಗ್ಗುವ ಒಂದು ಬುಶ್ ಇರುತ್ತದೆ. ಏರ್ ಗನ್ ಹಿಡಿದು ಗಟ್ಟಿ ಮಾಡಿದರೆ ಅದು ಇನ್ನಷ್ಟು ಕುಗ್ಗಿ, ಬೇರಿಂಗ್ ಬಿಗಿಯಾಗಿ ಕಾದು ಹೋಗುತ್ತದೆ.

ಪ್ರೊಪೆಲ್ಲರ್ ಶಾಫ್ಟ್‌ನ ಮುಂದಿನ ಜಾರು ತುದಿ ಗೇರ್‌ಬಾಕ್ಸ್‌ನ ಒಳಗೆ ಇನ್ನೂ 20ರಿಂದ 25 ಮಿ.ಮೀ. ಹೋಗುವಷ್ಟು ಜಾಗ ಉಳಿದಿರಲಿ.

ಡ್ರಮ್ ಇದ್ದ ಕಡೆ ಡಿಸ್ಕ್ ಬಂದಿದ್ದರೆ ಬ್ರೇಕ್ ಹಂಚಿಕೆಯೂ ಬದಲಾಗುತ್ತದೆ. ಮಾಸ್ಟರ್ ಸಿಲಿಂಡರ್, ಮುಂದೆ ಹಿಂದೆ ಒತ್ತಡ ಹಂಚುವ ವಾಲ್ವ್ ಎರಡನ್ನೂ ಬ್ರೇಕ್ ಬಲ್ಲವರಿಗೆ ತೋರಿಸಿ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಗಾಡಿ ಗಿರ್ರನೆ ತಿರುಗಿಬಿಡುತ್ತದೆ. ಖಾಲಿ ಜಾಗದಲ್ಲಿ, ಕಡಿಮೆ ವೇಗದಲ್ಲಿ ಒತ್ತಿ ನೋಡದೆ ರಸ್ತೆಗೆ ಇಳಿಯಬೇಡಿ.

ಹೌಸಿಂಗ್‌ನ ಗಾಳಿ ಕೊಳವೆ ಊದಿ ನೋಡಿ. ಅದು ಕಟ್ಟಿಕೊಂಡಿದ್ದರೆ ನೀವು ಹಾಕಿದ ಹೊಸ ಸೀಲೇ ಸೋರಲು ಶುರುವಾಗುತ್ತದೆ.

8. ಮೊದಲ 800 ಕಿ.ಮೀ.

ಹಳೆಯ ಗೇರ್‌ಗಳೇ ಇದ್ದರೆ ಎಣ್ಣೆ ಬದಲಿಸಿ ಓಡಿಸಿ. ಕ್ಲಚ್ ಪ್ಲೇಟ್ ಇರುವ ಲಿಮಿಟೆಡ್ ಸ್ಲಿಪ್ ಆದರೆ ಎಣ್ಣೆಯ ಜೊತೆ ಫ್ರಿಕ್ಷನ್ ಮಾಡಿಫೈಯರ್ ಅನ್ನುವ ಸಣ್ಣ ಬಾಟಲಿಯದನ್ನೂ ಸೇರಿಸಬೇಕು. ಮರೆತರೆ ಪಾರ್ಕಿಂಗ್‌ನಲ್ಲಿ ತಿರುಗಿಸುವಾಗ ಹಿಂದೆ ಕರಕರ ಅನ್ನುತ್ತದೆ. ಜನ ಡಿಫರೆನ್ಷಿಯಲ್ ಹೋಯ್ತು ಅಂತ ಗಾಬರಿಯಾಗುವುದು ಇದಕ್ಕೇ.

ಹೊಸ ಗೇರ್ ಹಾಕಿಸಿದ್ದರೆ ಮೊದಲ ದಿನ 25 ಕಿ.ಮೀ.ನಷ್ಟು ಮೆಲ್ಲಗೆ ಓಡಿಸಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಇದನ್ನು ಎರಡು ಮೂರು ಸಲ ಮಾಡಿ. ಬೇರೆ ಗಾಡಿ ಎಳೆಯುವುದು, ಟೈರು ಸುಡುವುದು ಸದ್ಯಕ್ಕೆ ಬೇಡ. 800 ಕಿ.ಮೀ. ಆದಮೇಲೆ ಎಣ್ಣೆ ಇಳಿಸಿ. ಆಗ ಬರುವ ಎಣ್ಣೆ ಬೆಳ್ಳಿ ಬೆರೆಸಿದ ಹಾಗೆ ಮಿನುಗುತ್ತದೆ, ಹೆದರಬೇಡಿ, ಹೊಸ ಹಲ್ಲುಗಳು ಒಂದಕ್ಕೊಂದು ಒಗ್ಗಿಕೊಂಡ ಗುರುತು ಅದು. ಅದೇ ದಿನ ಪಟ್ಟಾವನ್ನು ಆಕ್ಸಲ್‌ಗೆ ಬಿಗಿದಿರುವ ಯು-ಬೋಲ್ಟ್‌ಗಳನ್ನೂ ಇನ್ನೊಂದು ಸಲ ಬಿಗಿ ಮಾಡಿ, ಪಟ್ಟಾ ಕೂತಮೇಲೆ ಅವು ಸಡಿಲ ಆಗಿರುತ್ತವೆ.